ಕವಿತೆಗೂ ಒಂದು ಪಹಣಿ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಕವಿಯ ಸಾಲು ನಾಲ್ಕಕ್ಕಿಂತ ಕಡಿಮೆ ಇದ್ದು, ಕೆಳಗೆ ಹೆಸರು ಹಾಕಿದರೆ ಯಾರ ಅಪ್ಪಣೆಯೂ ಬೇಕಿಲ್ಲವಂತೆ. ಮೊಬೈಲಿನಲ್ಲಿ ಕಥೆ, ಗೇಮು ಮಾಡುವ ಹುಡುಗರು ಹಕ್ಕುಸ್ವಾಮ್ಯ ಅಂತ ಸುಮ್ನೆ ಹೆದರುತ್ತಾರೆ ಅಂತಲೂ ಸೇರಿಸಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. 26 ವರ್ಷ ನಾನೂ ಅದನ್ನೇ ನಂಬಿದ್ದೆ. ಆ ನಂಬಿಕೆಯ ಮೇಲೆ ದುಡಿದು ಉಂಡಿದ್ದೇನೆ ಕೂಡ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತೊಟ್ಟಿಲ ಕಾರ್ಯಕ್ರಮ, ನಿವೃತ್ತಿಯ ಬೀಳ್ಕೊಡುಗೆ, ಶ್ರದ್ಧಾಂಜಲಿ ಫ್ಲೆಕ್ಸು, ಎಲ್ಲ ಮಾಡುತ್ತೇವೆ. ಗಿರಾಕಿ ಬಂದು ಕೂತರೆ ಮುಹೂರ್ತ, ಸ್ಥಳ, ಬಂಧುಗಳ ಹೆಸರು ಬರೆಸಿ ಮುಗಿದ ಮೇಲೆ ಒಂದು ಮಾತು ಇದ್ದೇ ಇರುತ್ತದೆ: "ಮ್ಯಾಲೆ ಒಂದು ಛಲೋ ಸಾಲು ಹಾಕ್ರಿ ಅಕ್ಕಾರ." ಅದಕ್ಕಂತಲೇ ಕಂಪ್ಯೂಟರಿನಲ್ಲಿ 'ಸಾಲು' ಅನ್ನುವ ಫೈಲು ಇಟ್ಟಿದ್ದೇನೆ. ಅದರಲ್ಲಿ ಮುನ್ನೂರಕ್ಕೂ ಜಾಸ್ತಿ ಸಾಲುಗಳಿವೆ. ಅರ್ಧ ನಾನು ಪುಸ್ತಕಗಳಿಂದ ಟೈಪ್ ಮಾಡಿದ್ದು. ಇನ್ನರ್ಧ ಬೇರೆ ಅಂಗಡಿಯ ಕಾರ್ಡುಗಳಿಂದ ಎತ್ತಿದ್ದು. ಅವರೂ ನನ್ನಿಂದ ಎತ್ತಿದ್ದಾರೆ, ಲೆಕ್ಕ ಸರಿಹೋಗಿದೆ. ನಮ್ಮ ದಂಧೆಯಲ್ಲಿ ಕವಿಯ ಹೆಸರು ಹಾಕುವ ರೂಢಿಯೂ ಕಡಿಮೆ. ಹೆಸರು ಹಾಕಿದರೆ ಒಂದು ಸಾಲು ಜಾಗ ಹೋಗುತ್ತದೆ. ಆ ಜಾಗದಲ್ಲಿ ಸೋದರಮಾವನ ಹೆಸರು ಬರಬೇಕು. ಬರದಿದ್ದರೆ ಮದುವೆಯಲ್ಲಿ ಜಗಳ.

2011ರ ಬೇಸಿಗೆಯಲ್ಲಿ ಒಬ್ಬ ಹಿರಿಯರು ಅಂಗಡಿಗೆ ಬಂದರು. ಕೈಯಲ್ಲಿ ನಾವು ಮಾಡಿಕೊಟ್ಟ ಲಗ್ನಪತ್ರಿಕೆ. ಏನೋ ತಾರೀಖು ತಪ್ಪಿದೆ ಅಂತ ನನ್ನ ಎದೆ ಧಸಕ್ಕೆಂದಿತು. ಅವರು ಮೇಲಿನ ನಾಲ್ಕು ಸಾಲಿನ ಮೇಲೆ ಬೆರಳಿಟ್ಟರು. "ಇದು ನಮ್ಮ ಅಪ್ಪಾರು ಬರದದ್ದರೀ. ಹೆಸರು ಇಲ್ಲ, ಇರಲಿ. ಎರಡನೇ ಸಾಲಿನಾಗ ಒಂದು ಶಬ್ದ ಬ್ಯಾರೆ ಹಾಕೀರಿ ನೋಡ್ರಿ." ಹೌದು, ಹಾಕಿದ್ದೆ. ಬಾಕ್ಸಿನಲ್ಲಿ ಸಾಲು ಕೂರಲಿಲ್ಲ. ಉದ್ದದ ಪದ ತೆಗೆದು ಗಿಡ್ಡದ್ದು ಇಟ್ಟಿದ್ದೆ. ಕವಿತೆ ಬರೆದವರು ಯಾರು ಅಂತ ಆ ದಿನ ನನಗೆ ಮೊದಲ ಸಲ ಗೊತ್ತಾಯಿತು. ಅವರು ನಮ್ಮ ಜಿಲ್ಲೆಯಲ್ಲೇ ಮಾಸ್ತರರಾಗಿದ್ದವರು, ಒಂದೇ ಒಂದು ಪುಸ್ತಕ ಮಾಡಿಸಿ ತೀರಿಕೊಂಡವರು. ಮಗ ದುಡ್ಡು ಕೇಳಲಿಲ್ಲ, ಕೇಸು ಅನ್ನಲಿಲ್ಲ. ಸರಿಯಾದ ಪದ ಒಂದು ಚೀಟಿಯಲ್ಲಿ ಬರೆದುಕೊಟ್ಟು, ನೀರು ಕುಡಿದು ಹೋದರು. ಬೈದಿದ್ದರೆ ನಾಲ್ಕು ದಿನಕ್ಕೆ ಮರೆಯುತ್ತಿದ್ದೆನೇನೋ.

ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ನನ್ನ ತಮ್ಮನ ಮಗಳು ಒಂದು ಕಥೆ ಮಾಡಿದ್ದಾಳೆ. 'ಬರೆದಿದ್ದಾಳೆ' ಅಂದರೆ ಅವಳಿಗೆ ಸರಿ ಬರುವುದಿಲ್ಲ. ಬಿಸಿಎ ಕೊನೆಯ ವರ್ಷದ ಹುಡುಗಿ. ಇಂಟರಾಕ್ಟಿವ್ ಫಿಕ್ಷನ್ ಅನ್ನುತ್ತಾಳೆ, ನಾನು ಆಯ್ಕೆಯ ಕಥೆ ಅನ್ನುತ್ತೇನೆ. ಮೊಬೈಲಿನಲ್ಲಿ ಅರ್ಧ ಪುಟ ಕಥೆ ಬರುತ್ತದೆ. ಕೆಳಗೆ ಎರಡೋ ಮೂರೋ ದಾರಿ ಇರುತ್ತದೆ. ನೀವು ಒತ್ತಿದ ಕಡೆ ಕಥೆ ಹೋಗುತ್ತದೆ. ಅವಳ ಕಥೆಯಲ್ಲಿ ಒಬ್ಬ ಹುಡುಗಿ ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪಿಸಿಕೊಳ್ಳುತ್ತಾಳೆ. ಅಲ್ಲೇ ಕೂರಬಹುದು. ಕೋಟೆ ಕಡೆ ನಡೆಯಬಹುದು. ಅಪ್ಪನ ಕೆರೆಯ ದಂಡೆಗೆ ಹೋಗಬಹುದು. ಪ್ರತಿ ತಿರುವಿನಲ್ಲಿ ಪರದೆಯ ಮೇಲ್ಭಾಗದಲ್ಲಿ ಒಂದು ಚೌಕಟ್ಟು ಮೂಡಿ, ಅದರೊಳಗೆ ಯಾರದೋ ಒಂದು ಸಾಲು ಕಾಣುತ್ತದೆ. ಒತ್ತಿದರೆ ಮಾಯ. ನೋಡಿದ ತಕ್ಷಣ ನನಗೆ ಅನ್ನಿಸಿದ್ದು, ಇದು ನಮ್ಮ ಲಗ್ನಪತ್ರಿಕೆಯ ಬಾಕ್ಸೇ ಅಲ್ವಾ ಅಂತ.

ಚೌಕಟ್ಟು ಅವಳು ಹುಟ್ಟಿಸಿದ್ದಲ್ಲ. ಇಂಥ ಕಥೆಗಳಿಗೆ ಐವತ್ತು ವರ್ಷದ ವಯಸ್ಸಿದೆಯಂತೆ. 1970ರ ದಶಕದಲ್ಲಿ ಅಮೆರಿಕದ ವಿಲ್ ಕ್ರೌಥರ್ ಅನ್ನುವ ಪ್ರೋಗ್ರಾಮರ್ ಒಂದು ಗುಹೆಯ ಕಥೆ ಮಾಡಿದ. ಅದರಲ್ಲಿ ಒತ್ತುವುದಲ್ಲ, ಎಲ್ಲಿಗೆ ಹೋಗಬೇಕು ಅಂತ ಟೈಪ್ ಮಾಡಬೇಕಿತ್ತು. 1986ರಲ್ಲಿ ಬ್ರಯಾನ್ ಮೊರಿಯಾರ್ಟಿ ಅಣುಬಾಂಬಿನ ಸುತ್ತ ಬರೆದ 'ಟ್ರಿನಿಟಿ'ಯಲ್ಲಿ ಹೀಗೆ ಪರದೆಯ ತಲೆಯ ಮೇಲೆ ಚೌಕಟ್ಟಿನಲ್ಲಿ ಬೇರೆಯವರ ಮಾತುಗಳು ಬಂದವು. 1993ರಲ್ಲಿ ಗ್ರಹಾಂ ನೆಲ್ಸನ್ ಇಂಥ ಕಥೆ ಕಟ್ಟಲು 'ಇನ್‌ಫಾರ್ಮ್' ಅನ್ನುವ ಭಾಷೆ ಮಾಡಿದರು. ಅದರಲ್ಲಿ ಈ ಚೌಕಟ್ಟು ಹಾಕುವುದಕ್ಕೇ ಬೇರೆ ಆದೇಶ ಇದೆ. ಅಂದರೆ ಬೇರೆಯವರ ಸಾಲು ತಂದು ಇಡುವುದು ಈ ಕಲೆಯಲ್ಲಿ ಹಳೆಯ ಚಟ. ನಮ್ಮ ಹುಡುಗಿ ಬಳಸಿದ್ದು 'ಟ್ವೈನ್' ಅನ್ನುವ ಸಾಫ್ಟ್‌ವೇರು. 2009ರಲ್ಲಿ ಬಂದದ್ದು, ಪುಕ್ಕಟೆ. ಕನ್ನಡ ಅಕ್ಷರವೂ ಸರಿಯಾಗಿ ಕೂರುತ್ತದೆ.

ಅವಳು ಸಾಲುಗಳನ್ನು ಎಲ್ಲಿಂದ ತಂದಳು? ನನ್ನ 'ಸಾಲು' ಫೈಲಿನಿಂದ! ಹಳೆಯ ನುಡಿ ಫಾಂಟಿನಲ್ಲಿ ಇದ್ದದ್ದನ್ನು ಯೂನಿಕೋಡಿಗೆ ಬದಲಿಸಿಕೊಂಡು, ಕೆಟ್ಟ ಒತ್ತಕ್ಷರಗಳನ್ನು ಕೈಯಿಂದ ತಿದ್ದಿ, 14 ಸಾಲು ಆರಿಸಿದ್ದಳು. "ಅತ್ತಿ, ಇವ್ಯಾರವು?" ಅಂತ ಕೇಳಿದಳು. ಆರಕ್ಕೆ ಮಾತ್ರ ನನಗೆ ಉತ್ತರ ಗೊತ್ತಿತ್ತು.

ಅವಳು ಹೊರದೇಶದವರ ಸಲಹೆಗಳನ್ನು ಓದಿಕೊಂಡು ಧೈರ್ಯವಾಗಿದ್ದಳು. ಅಲ್ಲಿ 'ಫೇರ್ ಯೂಸ್' ಅಂತ ಇದೆ, ಸಣ್ಣ ಸಾಲಿಗೆ ತೊಂದರೆ ಇಲ್ಲ ಅಂದಳು. ಹೈಕೋರ್ಟ್ ಪೀಠ ನಮ್ಮ ಊರಲ್ಲೇ ಇದೆ. ಅಲ್ಲಿಗೆ ಓಡಾಡುವ ವಕೀಲರೊಬ್ಬರು ಪರಿಚಯ, ಅವರ ವಿಸಿಟಿಂಗ್ ಕಾರ್ಡು ನಮ್ಮಲ್ಲೇ ಆಗುತ್ತದೆ. ಒಂದು ಸಂಜೆ ಅವರು ಕೌಂಟರಿನ ಮುಂದೆ ನಿಂತೇ ತಿಳಿಸಿ ಹೇಳಿದರು. ಫೇರ್ ಯೂಸ್ ಅಮೆರಿಕದ ಮಾತು. ಅಲ್ಲಿ ನ್ಯಾಯಾಧೀಶರು ನಾಲ್ಕು ಅಂಶ ನೋಡುತ್ತಾರೆ. ಯಾಕೆ ಬಳಸಿದಿರಿ, ಮೂಲ ಎಂಥದ್ದು, ಎಷ್ಟು ತಗೊಂಡಿರಿ, ಮೂಲದ ಮಾರಾಟಕ್ಕೆ ಪೆಟ್ಟು ಬಿತ್ತಾ. ಬಾಗಿಲು ಅಗಲ, ಆದರೆ ಒಳಗೆ ಹೋದ ಮೇಲೇ ಉತ್ತರ. ನಮ್ಮದು 1957ರ ಕಾಯ್ದೆ, ಅದರ 52ನೇ ಕಲಮು. ಇಲ್ಲಿ ರಿಯಾಯಿತಿ ಯಾರಿಗೆ ಅಂತ ಪಟ್ಟಿ ಮಾಡಿಟ್ಟಿದ್ದಾರೆ. ಸ್ವಂತ ಓದಿಗೆ, ಸಂಶೋಧನೆಗೆ ಇದೆ. ವಿಮರ್ಶೆಗೆ ಇದೆ. ನಡೆಯುತ್ತಿರುವ ಸುದ್ದಿ ವರದಿ ಮಾಡಲು ಇದೆ. ಪಟ್ಟಿ ಇನ್ನೂ ಉದ್ದ ಇದೆ, ಆದರೆ 'ಕಥೆಯ ನೆತ್ತಿಯ ಮೇಲೆ ಅಂದಕ್ಕೆ ಒಂದು ಸಾಲು' ಅನ್ನುವುದು ಅದರಲ್ಲಿಲ್ಲ. ಲಗ್ನಪತ್ರಿಕೆಯೂ ಇಲ್ಲ.

ಎಷ್ಟು ಸಾಲು ಅನ್ನುವ ಲೆಕ್ಕವೂ ಇಲ್ಲ. ನಿಮ್ಮ ಓದುಗರು ಹೇಳಿದ ನಾಲ್ಕು ಸಾಲು ಕಾಯ್ದೆಯಲ್ಲಿ ಎಲ್ಲೂ ಸಿಗುವುದಿಲ್ಲ. ಅಲ್ಲಿರುವುದು 'ಗಣನೀಯ ಭಾಗ' ಅನ್ನುವ ಮಾತು. ನಾನೂರು ಪುಟದ ಕಾದಂಬರಿಯ ಒಂದು ಸಾಲು ಬೇರೆ, ನಾಲ್ಕೇ ಸಾಲಿನ ಪದ್ಯದ ಒಂದು ಸಾಲು ಬೇರೆ. ಎರಡನೆಯದರಲ್ಲಿ ಕಾಲು ಭಾಗ ಎತ್ತಿದ ಹಾಗೆ. ಅದೂ ಜನ ನೆನಪಿಟ್ಟುಕೊಂಡ ಸಾಲಾದರೆ ಪದ್ಯದ ಜೀವವನ್ನೇ ಎತ್ತಿದ ಹಾಗೆ. ಶಾಲೆಯ ಸಂಕಲನಗಳಿಗೆ ಸಣ್ಣ ತುಣುಕು ಬಳಸಲು ಒಂದು ರಿಯಾಯಿತಿ ಇದೆ. ಅಲ್ಲಿ ಮಾತ್ರ ಅಂಕಿ ಬರುತ್ತದೆ: ಒಬ್ಬ ಪ್ರಕಾಶಕರು 5 ವರ್ಷದಲ್ಲಿ ಒಬ್ಬ ಲೇಖಕರ 2 ತುಣುಕಿಗಿಂತ ಜಾಸ್ತಿ ಹಾಕುವಂತಿಲ್ಲ. ಬಹುಶಃ ಇದೇ ಬಾಯಿಂದ ಬಾಯಿಗೆ ಹೋಗುತ್ತಾ ನಾಲ್ಕು ಸಾಲಿನ ನಿಯಮ ಆಗಿರಬೇಕು. ನನ್ನ ಊಹೆ ಅಷ್ಟೇ.

ಕಥೆ ಪುಕ್ಕಟೆ ಕೊಡುತ್ತೇನೆ ಅಂದರೂ ತಪ್ಪು ತಪ್ಪೇ. ಬೇಕಂತಲೇ ಹಕ್ಕು ಮುರಿದರೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ ಅಂತ ಕಾಯ್ದೆ ಹೇಳುತ್ತದೆ. ವ್ಯಾಪಾರಕ್ಕೆ ಮಾಡಿದ್ದಲ್ಲ ಅಂದರೆ ನ್ಯಾಯಾಲಯ ಶಿಕ್ಷೆ ಇಳಿಸಬಹುದು. ಇದನ್ನು ಕೇಳಿ ಹುಡುಗಿ ಒಂದು ಜಾಣ ಪ್ರಶ್ನೆ ಹಾಕಿದಳು. "ಓದುವವರು ಆ ದಾರಿ ಹಿಡಿಯಲೇ ಇಲ್ಲ ಅಂದ್ರ? ಸಾಲು ಕಾಣಲೇ ಇಲ್ಲಲ್ಲ?" ವಕೀಲರು ನಕ್ಕರು. ಸಾಲು ಫೈಲಿನಲ್ಲಿ ಕೂತಿದೆಯಲ್ಲ, ಅಷ್ಟು ಸಾಕಂತೆ. ಕಂಪ್ಯೂಟರಿನಲ್ಲಿ ಶೇಖರಿಸಿ ಇಡುವುದನ್ನೂ ಕಾಯ್ದೆ ಪ್ರತಿ ಮಾಡುವುದು ಅಂತಲೇ ಎಣಿಸುತ್ತದೆ. ನನ್ನ ಮುನ್ನೂರು ಸಾಲಿನ ಫೈಲು ನೆನಪಾಗಿ ನಾನು ಮೆಲ್ಲಗೆ ಮಾನಿಟರ್ ಆಫ್ ಮಾಡಿದೆ.

ಮರುದಿನ ಲೆಡ್ಜರ್ ಬುಕ್ಕಿನ ಹಿಂದಿನ ಪುಟದಲ್ಲಿ 14 ಗೆರೆ ಎಳೆದು ಕೂತೆವು. ಲೇಖಕರು ತೀರಿಕೊಂಡ ವರ್ಷಕ್ಕೆ 60 ಕೂಡಿಸಬೇಕು. ಆ ವರ್ಷದ ಡಿಸೆಂಬರ್ 31 ದಾಟಿದರೆ ಕೃತಿ ಎಲ್ಲರದು. ಮೊದಲು 50 ವರ್ಷ ಇತ್ತು. ರವೀಂದ್ರನಾಥ ಟ್ಯಾಗೋರರು 1941ರಲ್ಲಿ ತೀರಿಕೊಂಡವರು, ಅವರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, ಹತ್ತು ವರ್ಷ ಜಾಸ್ತಿ ಮಾಡಿದರು. ಇದು ನಮ್ಮ ದೇಶದ ಲೆಕ್ಕ. ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್ 1965ರಲ್ಲಿ ತೀರಿಕೊಂಡರು. ಇಲ್ಲಿ ಅವರ ಹಕ್ಕು 2025ರ ಕೊನೆಯ ತನಕ, ಬ್ರಿಟನ್ನಿನಲ್ಲಿ 70 ವರ್ಷವಾದ್ದರಿಂದ 2035ರ ತನಕ. ಇಂಟರ್ನೆಟ್ಟಿಗೆ ಹಾಕಿದ ಕಥೆಯನ್ನು ಲಂಡನ್ನಿನಲ್ಲೂ ಓದುತ್ತಾರೆ. ನಮ್ಮ ಪಟ್ಟಿಯಲ್ಲಿ ಇಂಗ್ಲಿಷ್ ಕವಿ ಇರಲಿಲ್ಲ, ಬಚಾವಾದೆವು.

ಏಳು ಸಾಲು ಮೊದಲೇ ಪಾಸಾದವು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮ. ನಮ್ಮ ಯಾದಗಿರಿ ಜಿಲ್ಲೆಯ ಮುದನೂರಿನ ದೇವರ ದಾಸಿಮಯ್ಯ. ಯಡ್ರಾಮಿ ತಾಲ್ಲೂಕಿನ ಕಡಕೋಳದ ಮಡಿವಾಳಪ್ಪನವರ ಎರಡು ತತ್ವಪದದ ಸಾಲು. ಒಂದು ಗಾದೆ. ಈ ಸಾಲುಗಳಿಗೆ ಯಾರ ಹಕ್ಕೂ ಇಲ್ಲ. ಆದರೆ ತತ್ವಪದ ತೆಗೆದದ್ದು ಈಚಿನ ಸಂಪಾದಿತ ಪುಸ್ತಕದಿಂದ. ಯಾರೋ ಊರೂರು ಸುತ್ತಿ, ಏಕತಾರಿ ಹಿಡಿದು ಹಾಡುವವರ ಮುಂದೆ ರಾತ್ರಿ ಕೂತು ಬರೆದುಕೊಂಡದ್ದು. ಅವರ ಮುನ್ನುಡಿ, ಟಿಪ್ಪಣಿ ಅವರದೇ. ಪದ ಮಾತ್ರ ಎಲ್ಲರದು. ಕಾನೂನು ಕೇಳದಿದ್ದರೂ ಕಥೆಯ ಕೊನೆಯ ಪುಟದಲ್ಲಿ ಸಂಪಾದಕರ ಹೆಸರು ಹಾಕಿಸಿದೆ. ವಚನಗಳನ್ನು ಹುಡುಕಿ ಅಚ್ಚು ಹಾಕಿದ ಫ.ಗು. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡವರು. ಅವರು ಸ್ವಂತ ಬರೆದದ್ದು ಕೂಡ 2025ರ ಜನವರಿ 1ರಿಂದ ನಾಡಿನದಾಗಿದೆ. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿ ಆಗಬೇಕಿತ್ತು. ನನ್ನ ಕಣ್ಣಿಗಂತೂ ಬೀಳಲಿಲ್ಲ.

ಪಂಜೆ ಮಂಗೇಶರಾಯರು, 1937. ಬಿ.ಎಂ. ಶ್ರೀಕಂಠಯ್ಯ, 1946. ಗೋವಿಂದ ಪೈ, 1963. ಇವೂ ಪಾಸು. ಹತ್ತಾಯಿತು. ಡಿ.ವಿ. ಗುಂಡಪ್ಪನವರ ಕಗ್ಗದ ಒಂದು ಸಾಲಿತ್ತು. ಅವರು ಹೋದದ್ದು 1975ರಲ್ಲಿ, ಅಂದರೆ 2035 ಮುಗಿಯಬೇಕು. ಬೇಂದ್ರೆಯವರು 1981, ಹಾಗಾಗಿ 2041. ಈ ಎರಡನ್ನು ಹುಡುಗಿ ಯಾರನ್ನೂ ಕೇಳದೆ ತಾನೇ ತೆಗೆದುಬಿಟ್ಟಳು. ಆ ಜಾಗಕ್ಕೆ ಸ್ವಂತ ಸಾಲು ಬರೆದಳು. ಬೇಂದ್ರೆ ಜಾಗದಲ್ಲಿ ಬರೆದದ್ದು ಅಷ್ಟಕ್ಕಷ್ಟೇ, ನಾನು ಮುಖದ ಮೇಲೆ ಹೇಳಿದ್ದೇನೆ. ಇನ್ನೊಂದು ಪರವಾಗಿಲ್ಲ.

ಹದಿಮೂರನೆಯದು ಬದುಕಿರುವ ಕವಿಯದು. ಯಾದಗಿರಿ ಕಡೆಯವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಫೋನ್ ನಂಬರ್ ಸಿಗಲು ಎರಡು ದಿನ ಹಿಡಿಯಿತು. ಮಾತಾಡಿದ್ದು ಎರಡು ನಿಮಿಷ. "ಹಾಕ್ರಿ ಹಾಕ್ರಿ, ಅದಕ್ಕೇನು ಕೇಳ್ತೀರಿ" ಅಂದರು. ಬಾಯಿಮಾತು ಸಾಲದು, ಅನುಮತಿ ಬರಹದಲ್ಲಿ ಇರಬೇಕು ಅಂತ ವಕೀಲರು ಹೇಳಿದ್ದರು. ಹಾಗಾಗಿ ಸಾಲು ಎಲ್ಲಿ ಬರುತ್ತದೆ ಅಂತ ಪರದೆಯ ಫೋಟೋ ಸಮೇತ ಕಳಿಸಿದೆವು. ಮರುದಿನ ಅವರೇ ಫೋನ್ ಮಾಡಿದರು. ದನಿ ಬೇರೆ ಇತ್ತು.

ಅವರ ಸಾಲು ಬಾಗಿಲಲ್ಲಿ ಕಾಯುವ ತಾಯಿಯ ಬಗ್ಗೆ. ಕಥೆಯಲ್ಲಿ ನಡುರಾತ್ರಿ ಹುಡುಗಿಗೆ ತಾಯಿಯ ಫೋನ್ ಬರುತ್ತದೆ. ಎತ್ತಬಹುದು, ಕಟ್ ಮಾಡಬಹುದು. ಕಟ್ ಮಾಡಿದರೆ ಈ ಸಾಲು ಚೌಕಟ್ಟಿನಲ್ಲಿ ಬರುತ್ತದೆ. "ಅಲ್ಲಿ ನನ್ನ ಸಾಲು ಬೈಗುಳ ಆಗ್ತದಲ್ರಿ ತಂಗಿ" ಅಂದರು ಕವಿ. "ನಾ ಯಾರಿಗೂ ಬೈಲಾಕ ಬರದಿದ್ದಲ್ಲ ಅದು." ಪದ ಒಂದೂ ಬದಲಾಗಿಲ್ಲ. ಹೆಸರು ಸರಿಯಾಗಿದೆ. ಆದರೂ ಅವರ ಮಾತು ನೂರಕ್ಕೆ ನೂರು ಸರಿ. ಪುಸ್ತಕದ ಮೊದಲ ಪುಟದಲ್ಲಿ ಹಾಕಿದ ಸಾಲು ಅಲ್ಲೇ ಕೂತಿರುತ್ತದೆ. ಆಯ್ಕೆಯ ಕಥೆಯಲ್ಲಿ ಹಾಗಲ್ಲ. ಯಾವುದನ್ನು ಒತ್ತಿದ ಮೇಲೆ ಬಂತು ಅನ್ನುವುದರ ಮೇಲೆ ಅದೇ ಸಾಲು ಸಮಾಧಾನ ಆಗುತ್ತದೆ, ಅಣಕ ಆಗುತ್ತದೆ, ತೀರ್ಪೂ ಆಗುತ್ತದೆ. ಶ್ರದ್ಧಾಂಜಲಿ ಫ್ಲೆಕ್ಸಿನ ಸಾಲನ್ನು ಲಗ್ನಪತ್ರಿಕೆಗೆ ಹಾಕಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಒಮ್ಮೆ ಹಾಗೆ ಆಗಿದೆ, ಆ ಕಥೆ ಬೇಡ.

ಕಾಯ್ದೆಯ 57ನೇ ಕಲಮು ಲೇಖಕರಿಗೆ ಎರಡು ವಿಶೇಷ ಹಕ್ಕು ಕೊಡುತ್ತದೆ. ಇದು ನನ್ನದು ಅಂತ ಹೇಳಿಕೊಳ್ಳುವ ಹಕ್ಕು ಒಂದು. ಮರ್ಯಾದೆಗೆ ಕುಂದು ಬರುವ ಹಾಗೆ ಕೃತಿಯನ್ನು ತಿರುಚಿದರೆ ತಡೆಯುವ ಹಕ್ಕು ಇನ್ನೊಂದು. ಹಕ್ಕುಸ್ವಾಮ್ಯವನ್ನೇ ಮಾರಿದರೂ ಇವೆರಡು ಲೇಖಕರ ಹತ್ತಿರವೇ ಉಳಿಯುತ್ತವೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ಕಿತ್ತು ಹಾಳು ಮಾಡಿದ ತನ್ನ ಕಲಾಕೃತಿಗಾಗಿ ಶಿಲ್ಪಿ ಅಮರನಾಥ ಸೆಹಗಲ್ 2005ರಲ್ಲಿ ಕೇಂದ್ರ ಸರ್ಕಾರದ ವಿರುದ್ಧವೇ ಗೆದ್ದದ್ದು ಈ ಕಲಮಿನ ಬಲದಿಂದ. ಸಾಲು ಇಡುವ ಜಾಗ ಬದಲಿಸಿದರೆ ಅದು ತಿರುಚಿದ ಹಾಗಾ? ವಕೀಲರು ತಲೆ ಆಡಿಸಿದರು, ಹೌದು ಅಂತಲೋ ಅಲ್ಲ ಅಂತಲೋ ತಿಳಿಯಲಿಲ್ಲ. ನಾವು ಕೋರ್ಟಿಗೆ ಕೇಳಬೇಕಿರಲಿಲ್ಲ. ಫೋನ್ ಎತ್ತಿದ ದಾರಿಗೆ ಸಾಲನ್ನು ಸರಿಸಿದೆವು. ಕವಿಗಳು "ಈಗ ಸರಿ ಆತು" ಅಂತ ಬರೆದು ಕಳಿಸಿದರು. ಕಥೆಯೂ ಮೊದಲಿಗಿಂತ ಚಂದ ಆಯಿತು. ಕಟ್ ಮಾಡಿದ ಕಡೆ ಈಗ ಚೌಕಟ್ಟು ಖಾಲಿ ಬರುತ್ತದೆ.

2011ರಲ್ಲಿ ಬಂದ ಆ ಹಿರಿಯರು ಕೇಳಿದ್ದು ಇದನ್ನೇ ಅಲ್ವಾ? ಹೆಸರು, ಮತ್ತು ಪದ. ಹದಿನಾಲ್ಕು ವರ್ಷಕ್ಕೂ ಹೆಚ್ಚು ಹೊತ್ತು ಬೇಕಾಯಿತು ನನಗೆ.

ಇನ್ನು ಹದಿನಾಲ್ಕನೆಯ ಸಾಲು. ಅದು ಮಿರ್ಜಾ ಗಾಲಿಬರ ಒಂದು ಶೇರಿನ, ಅಂದರೆ ಎರಡು ಸಾಲಿನ ಉರ್ದು ಪದ್ಯದ, ಕನ್ನಡ. ಗಾಲಿಬ್ ತೀರಿಕೊಂಡದ್ದು 1869ರಲ್ಲಿ, ಉರ್ದು ಸಾಲಿಗೆ ಯಾರಪ್ಪಣೆಯೂ ಬೇಡ. ಕನ್ನಡ ಮಾಡಿದವರ ಹಕ್ಕು ಮಾತ್ರ ಬೇರೆ. ಅನುವಾದವೂ ಹೊಸ ಕೃತಿಯೇ. ಪುಸ್ತಕ ನನ್ನ ಹತ್ತಿರ ಇದೆ, ಆದರೆ ಮುಖಪುಟ, ಮೊದಲ ನಾಲ್ಕು ಎಲೆ ಹರಿದಿವೆ. ಅನುವಾದಕರ ಹೆಸರೇ ಇಲ್ಲ. ಕೊನೆಯ ಪುಟದಲ್ಲಿ ಒಂದು ಪ್ರೆಸ್ಸಿನ ಹೆಸರಿದೆ, ಊರು ಗುಲಬರ್ಗಾ ಅಂತಿದೆ, ಬೆಲೆ ಮೂರು ರೂಪಾಯಿ. ಆ ಪ್ರೆಸ್ಸು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನಮ್ಮ ದಂಧೆಯ ಹಳಬರನ್ನು ವಿಚಾರಿಸಿದೆ. ಒಬ್ಬರು ಯಾರೋ ಮಾಸ್ತರರು ಅಂದರು, ಇನ್ನೊಬ್ಬರು ರೈಲ್ವೆ ನೌಕರರು ಅಂದರು.

ಹಕ್ಕುದಾರರು ಸಿಗದಿದ್ದರೆ ಕಾಯ್ದೆಯಲ್ಲಿ ದಾರಿ ಇಲ್ಲವೇ ಅಂದರೆ, ಇದೆ. ಲೇಖಕರು ತೀರಿಕೊಂಡಿದ್ದು ಅಥವಾ ಯಾರೆಂದೇ ಗೊತ್ತಿರದೆ, ಕೃತಿ ಜನರಿಗೆ ಸಿಗದಂತಾಗಿದ್ದರೆ, ಪರವಾನಗಿಗೆ ಅರ್ಜಿ ಹಾಕಬಹುದು. ಮೊದಲು ಇದಕ್ಕೆ ಕಾಪಿರೈಟ್ ಬೋರ್ಡ್ ಇತ್ತು, ಆಮೇಲೆ ಇನ್ನೊಂದು ಮಂಡಳಿಗೆ ಹೋಯಿತು. ಆ ಮಂಡಳಿಯನ್ನು 2021ರಲ್ಲಿ ರದ್ದು ಮಾಡಿದರು. ಈಗ ಕೋರ್ಟಿಗೆ ಹೋಗಬೇಕು. ಹೋಗುವ ಮೊದಲು ದೇಶದ ಹೆಚ್ಚಿನ ಭಾಗದಲ್ಲಿ ಓಡಾಡುವ ಒಂದು ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಕಲಬುರಗಿಯಲ್ಲಿ ಅಚ್ಚಾದ ಮೂರು ರೂಪಾಯಿಯ ಕನ್ನಡ ಪುಸ್ತಕದ ಒಂದು ಸಾಲಿಗೆ! ಜಾಹೀರಾತಿನ ದರ ನನಗೆ ಗೊತ್ತು, ನಾನೂ ಜಾಹೀರಾತು ಡಿಸೈನ್ ಮಾಡಿ ಕಳಿಸುವವಳು.

ನಮ್ಮ ಜಿಲ್ಲೆಯ ಮರತೂರಿನಲ್ಲಿ ಇದ್ದ ವಿಜ್ಞಾನೇಶ್ವರರ 'ಮಿತಾಕ್ಷರ'ದ ಮೇಲೆ ದೇಶದ ಬಹುಪಾಲು ಕಡೆ ಶತಮಾನಗಳ ಕಾಲ ಆಸ್ತಿ ಹಂಚಿದರು. ಅದು ಯಾಜ್ಞವಲ್ಕ್ಯ ಸ್ಮೃತಿಯ ಶ್ಲೋಕಗಳನ್ನು ಎತ್ತಿಕೊಂಡು ಬಿಡಿಸಿ ಹೇಳಿದ ಪುಸ್ತಕ. ಅಂದರೆ ಅದೂ ಉಲ್ಲೇಖದ್ದೇ ಕೆಲಸ. ಕವಿತೆಯ ಹಕ್ಕು ಕೂಡ ಹೊಲದ ಹಾಗೆ ವಾರಸುದಾರರಿಗೆ ಇಳಿಯುತ್ತದೆ, ಉಯಿಲು ಇದ್ದರೆ ಹೊರಗಿನವರಿಗೂ ಹೋಗುತ್ತದೆ. ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಯ ಹಕ್ಕು ಉಯಿಲಿನಿಂದ ಮಾಲಿನಿ ಮಲ್ಯ ಅವರಿಗೆ ಬಂದದ್ದು, ಅದರ ವ್ಯಾಜ್ಯ 2009ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋದದ್ದು ಕರಾವಳಿಯ ಓದುಗರಿಗೆ ನೆನಪಿರಬಹುದು. ಆದರೆ ಹೊಲಕ್ಕೆ ಪಹಣಿ ಇದೆ. ಸರ್ವೆ ನಂಬರ್ ಹೇಳಿದರೆ ನಾಡಕಚೇರಿಯಲ್ಲಿ ಪ್ರಿಂಟ್ ಕೊಡುತ್ತಾರೆ, ಮಾಲೀಕರು ಯಾರು ಅಂತ ಕಾಣುತ್ತದೆ. ಕವಿತೆಗೆ ಅಂಥದ್ದು ಏನಿದೆ? ದೆಹಲಿಯಲ್ಲಿ ಹಕ್ಕುಸ್ವಾಮ್ಯದ ನೋಂದಣಿ ಇದೆ. ಆದರೆ ಅದು ಕಡ್ಡಾಯವಲ್ಲ. ನೋಂದಾಯಿಸದಿದ್ದರೂ ಹಕ್ಕು ಇದ್ದೇ ಇರುತ್ತದೆ. ನಮ್ಮ ಕಡೆಯ ಮಾಸ್ತರ ಕವಿಗಳು ಯಾರು ಹೋಗಿ ನೋಂದಾಯಿಸಿದ್ದಾರು?

ಹಾಗಾಗಿ ನನ್ನ ಕೋರಿಕೆ ದೊಡ್ಡದಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವೋ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋ, ಯಾರಾದರೂ ಒಂದು ಪಟ್ಟಿ ಮಾಡಿ ಎಲ್ಲರಿಗೂ ಕಾಣುವ ಹಾಗೆ ಇಡಲಿ. ಲೇಖಕರ ಹೆಸರು, ತೀರಿಕೊಂಡ ವರ್ಷ, ಈಗ ಯಾರನ್ನು ಕೇಳಬೇಕು, ಎಲ್ಲಿಗೆ ಬರೆಯಬೇಕು. ಜಿಲ್ಲಾ ಸಾಹಿತ್ಯ ಪರಿಷತ್ತುಗಳ ಹತ್ತಿರ ಅರ್ಧ ಮಾಹಿತಿ ಆಗಲೇ ಇರುತ್ತದೆ, ಪ್ರತಿ ಸಮ್ಮೇಳನದ ಸಂಚಿಕೆ ನಾವೇ ಅಚ್ಚು ಹಾಕಿಕೊಡುವುದರಿಂದ ನನಗೆ ಗೊತ್ತು. ಪ್ರಕಾಶಕರು 'ಹಕ್ಕುಗಳನ್ನು ಕಾಯ್ದಿರಿಸಲಾಗಿದೆ' ಅಂತ ಬರೆದು ಬಿಡುತ್ತಾರೆ. ಯಾರಿಗೆ ಕಾಯ್ದಿರಿಸಿದ್ದು? ಅದರ ಕೆಳಗೆ ಒಂದು ವಿಳಾಸ ಹಾಕಿದರೆ ಏನು ಕಳೆದುಕೊಳ್ಳುತ್ತಾರೆ? ಕವಿಗಳಿಗೂ ಒಂದು ಮಾತು. ನಾಲ್ಕು ಸಾಲು ಹೆಸರು ಹಾಕಿ ಬಳಸಿಕೊಳ್ಳಿ ಅಂತ ಮನಸ್ಸಿದ್ದವರು ಅದನ್ನು ಪುಸ್ತಕದಲ್ಲೇ ಅಚ್ಚು ಹಾಕಿಸಿ. ಬೇಡ ಅನ್ನುವವರು ಬೇಡ ಅಂತ ಹಾಕಿಸಿ. ಎರಡೂ ನಮಗೆ ಉಪಕಾರವೇ. ತಮಿಳುನಾಡಿನಲ್ಲಿ ಸರ್ಕಾರವೇ ಲೇಖಕರ ಕುಟುಂಬಕ್ಕೆ ಹಣ ಕೊಟ್ಟು ಕೃತಿಗಳನ್ನು ನಾಡಿನ ಆಸ್ತಿ ಮಾಡುತ್ತದೆ. ನಮ್ಮಲ್ಲಿಯೂ ಆದರೆ ಬೇಡ ಅನ್ನುವವಳಲ್ಲ, ಆದರೆ ಮೊದಲು ಪಟ್ಟಿ ಆಗಲಿ. ಯಾರ ಕುಟುಂಬ ಅಂತ ಗೊತ್ತಿಲ್ಲದೆ ಹಣ ಕೊಡುವುದು ಯಾರಿಗೆ?

ಎಲ್ಲ ಸಾಲೂ ಪುಕ್ಕಟೆ ಸಿಗಲಿ ಅನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಮೂವತ್ತು ರೂಪಾಯಿಯ ಕಾರ್ಡಿಗೆ ಕಾಗದದವನಿಗೆ ಕೊಡುತ್ತೇನೆ, ಇಂಕಿಗೆ ಕೊಡುತ್ತೇನೆ, ಗಣಪತಿಯ ಡಿಸೈನಿನ ಸಿಡಿಗೂ ಕೊಟ್ಟಿದ್ದೇನೆ. ಕವಿಗೆ ಕೊಡಲು ಏನು ಕಷ್ಟ? ಕೊಡುವುದು ಯಾರ ಕೈಗೆ ಅನ್ನುವುದೇ ಗೊತ್ತಾಗುತ್ತಿಲ್ಲ.

ಹದಿಮೂರು ಸಾಲಿನೊಂದಿಗೆ ಕಥೆ ತಯಾರಾಗಿದೆ. ಹದಿನಾಲ್ಕನೆಯದಕ್ಕೆ ಹುಡುಗಿ ಇನ್ನೂ ಜಾಗ ಬಿಟ್ಟಿದ್ದಾಳೆ, ಅದು ಹೋದರೆ ಬಸ್ ಸ್ಟ್ಯಾಂಡಿನ ಬೆಂಚಿನ ಪುಟ ಬಿದ್ದು ಹೋಗುತ್ತದಂತೆ. ಕಾನೂನು ಇಂಗ್ಲಿಷ್ ಪತ್ರಿಕೆ ಕೇಳುತ್ತದೆ, ನಾನು ನಿಮ್ಮಲ್ಲಿ ಕೇಳುತ್ತಿದ್ದೇನೆ. ಗುಲಬರ್ಗಾದಲ್ಲಿ ಅಚ್ಚಾದ, ಮೂರು ರೂಪಾಯಿ ಬೆಲೆಯ, ಗಾಲಿಬರ ಶೇರುಗಳ ಕನ್ನಡ ಪುಸ್ತಕ. ಅಂಗೈಗಿಂತ ಸ್ವಲ್ಪ ದೊಡ್ಡದು. ಪ್ರತಿ ಪುಟಕ್ಕೆ ಎರಡೇ ಶೇರು, ನಡುವೆ ಒಂದು ಸಣ್ಣ ಹೂವಿನ ಬ್ಲಾಕು. 38ನೇ ಪುಟದಲ್ಲಿ, ಕಾಯುವುದರ ಬಗ್ಗೆ ಇರುವ ಸಾಲು. ಅದನ್ನು ಇಲ್ಲೇ ಬರೆಯೋಣ ಅಂದುಕೊಂಡೆ, ಕೈ ತಡೆಯಿತು. ಇದನ್ನು ಕನ್ನಡ ಮಾಡಿದವರು ಯಾರು, ಅವರ ಮನೆಯವರು ಎಲ್ಲಿದ್ದಾರೆ ಅಂತ ಗೊತ್ತಿದ್ದವರು ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಪುಸ್ತಕದ ಹರಿದ ನಾಲ್ಕು ಎಲೆ ಯಾರ ಮನೆಯಲ್ಲಾದರೂ ಇಡಿಯಾಗಿ ಇದ್ದರೆ ಜೆರಾಕ್ಸ್ ಸಾಕು, ಖರ್ಚು ನನ್ನದು.

ಇಂತಿ,
ಡಿಟಿಪಿ ಅಂಗಡಿಯ ಅಕ್ಕ
ಸೂಪರ್ ಮಾರ್ಕೆಟ್, ಕಲಬುರಗಿ